ಲ್ಯಾಬಿಗೆ ಸರ್ಕಾರದ ಹಣದಲ್ಲಿ ಉಪಕರಣ ತರುವುದು ಹೇಗೆ?

ಅರ್ಜಿಗೆ ಕೂರುವ ಮುಂಚೆ, ಉಪಕರಣ ಇಡಬೇಕೆಂದಿರುವ ಕೋಣೆಗೆ ಹೋಗಿ ನೋಡಿ. ತ್ರೀ-ಫೇಸ್ ವಿದ್ಯುತ್ ಇದೆಯೇ? ಅರ್ಥಿಂಗ್ ಸರಿಯಿದೆಯೇ? ಮಳೆಗಾಲದಲ್ಲಿ ಗೋಡೆ ಒಸರುತ್ತದೆಯೇ? ನಾನು ಕಂಡ ಒಂದು ವಿಭಾಗದಲ್ಲಿ ಹರಳುಗಳ ರಚನೆ ನೋಡುವ ಎಕ್ಸ್‌ಆರ್‌ಡಿ ಯಂತ್ರ ಎಂಟು ತಿಂಗಳು ಪ್ಲೈವುಡ್ ಪೆಟ್ಟಿಗೆ ಬಿಟ್ಟು ಹೊರಗೆ ಬರಲೇ ಇಲ್ಲ. ಅದನ್ನು ತಂಪಾಗಿಡುವ ಚಿಲ್ಲರ್‌ಗೆ ಹಣ ಕೇಳುವುದನ್ನೇ ಮರೆತಿದ್ದರು. ವಾರಂಟಿ ಪೆಟ್ಟಿಗೆಯೊಳಗೇ ಸವೆದುಹೋಯಿತು. ಪಕ್ಕದಲ್ಲೇ ಸಂಶೋಧನಾ ವಿದ್ಯಾರ್ಥಿಗಳು ಸ್ಯಾಂಪಲ್ ಹಿಡಿದು ಬೇರೆ ಊರಿನ ಬಸ್ ಹತ್ತುತ್ತಿದ್ದರು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಆಮೇಲೆ ಐ-ಸ್ಟೆಮ್ ಪೋರ್ಟಲ್ ತೆರೆಯಿರಿ. ಬೆಂಗಳೂರಿನ ಐಐಎಸ್‌ಸಿಯಿಂದ ನಡೆಯುವ ಈ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂದು ಹುಡುಕಬಹುದು, ಬಳಕೆಗೆ ಸಮಯ ಕಾಯ್ದಿರಿಸಲೂಬಹುದು. ವರ್ಷಕ್ಕೆ ಹತ್ತು ಸ್ಯಾಂಪಲ್ ಇದ್ದರೆ ಅಷ್ಟೇ ಸಾಕು, ಹೊಸ ಯಂತ್ರ ಬೇಡ.

ಬೇಕೇ ಬೇಕು ಎಂದಾದರೆ ಹಣಕ್ಕೆ ಯಾವ ಬಾಗಿಲು ತಟ್ಟಬೇಕೆಂದು ಆರಿಸಿಕೊಳ್ಳಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಲ್ಯಾಬ್ ಸೌಲಭ್ಯಕ್ಕೆ ಹಣ ಕೊಡುವ 'ಫಿಸ್ಟ್' ಯೋಜನೆ 2000ದಿಂದ ನಡೆಯುತ್ತಿದೆ. ಅರ್ಜಿ ವಿಭಾಗದ ಅಥವಾ ಕಾಲೇಜಿನ ಹೆಸರಲ್ಲಿ ಹೋಗುತ್ತದೆ. ನಮ್ಮ ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ವಿಜ್ಞಾನ-ತಂತ್ರಜ್ಞಾನ ವಿಜನ್ ಗ್ರೂಪ್‌ನ ಇಂಥದ್ದೇ ಯೋಜನೆ 'ಕೆ-ಫಿಸ್ಟ್' ಇದೆ. ಮೊದಲ ಸಲ ಹೊರಟ ಕಾಲೇಜಿಗೆ ಇದನ್ನೇ ಹೇಳುತ್ತೇನೆ. ಒಬ್ಬ ಅಧ್ಯಾಪಕರ ಸಂಶೋಧನೆಗೆ ಬೇಕಾದ ಉಪಕರಣವಾದರೆ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಜಾಗಕ್ಕೆ ಬಂದಿರುವ ಎಎನ್‌ಆರ್‌ಎಫ್‌ನ (ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಪ್ರಾಜೆಕ್ಟ್‌ಗಳನ್ನು ನೋಡಿ.

ಪ್ರಸ್ತಾವದಲ್ಲಿ ಯಂತ್ರದ ಗುಣಗಾನ ಬೇಡ. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತೀರಿ, ವಾರಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ, ಯಾರು ಓಡಿಸುತ್ತಾರೆ ಎಂಬುದನ್ನು ಬರೆಯಿರಿ. ಬಜೆಟ್‌ನಲ್ಲಿ ಯುಪಿಎಸ್, ತೆರಿಗೆ, ಅಳವಡಿಕೆ, ತರಬೇತಿ ಎಲ್ಲವನ್ನೂ ಕಾಣಿಸಿ. ಯೋಜನೆ ಒಪ್ಪದ ಬಾಬತ್ತಿಗೆ ಆಡಳಿತ ಮಂಡಳಿಯಿಂದ ಈಗಲೇ ಪತ್ರ ಪಡೆಯಿರಿ.

ಹಣ ಮಂಜೂರಾದ ಮೇಲೆ ಖರೀದಿ. ಹೆಚ್ಚಿನವರು ಎಡವುವುದು ಇಲ್ಲೇ. ಖರೀದಿಯ ನಿಯಮ ಕೇಂದ್ರದ ಸಂಸ್ಥೆಗಳಿಗೆ ಜಿಎಫ್‌ಆರ್ 2017 (ಸಾಮಾನ್ಯ ಹಣಕಾಸು ನಿಯಮಗಳು), ರಾಜ್ಯ ಸರ್ಕಾರದ ಸಂಸ್ಥೆಗಳಿಗೆ 1999ರ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ). 2025ರ ಜೂನ್‌ನಲ್ಲಿ ಕೇಂದ್ರದ ವೈಜ್ಞಾನಿಕ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿದರು. ಅದನ್ನು ನಂಬಿಕೊಂಡು ರಾಜ್ಯದ ಕಾಲೇಜಿನವರು ಆರ್ಡರ್ ಕೊಡಬೇಡಿ, ಮೊದಲು ಹಣಕಾಸು ಅಧಿಕಾರಿಯನ್ನು ಕೇಳಿ. ಟೆಂಡರ್‌ನ ತಾಂತ್ರಿಕ ವಿವರವನ್ನು ಒಂದೇ ಕಂಪನಿಯ ಕ್ಯಾಟಲಾಗ್‌ನಿಂದ ಇಳಿಸಿಕೊಂಡರೆ ಆಕ್ಷೇಪಣೆ ಬರುತ್ತದೆ. ವಾರಂಟಿ ಮುಗಿದ ನಂತರದ ವಾರ್ಷಿಕ ನಿರ್ವಹಣೆಯ ದರವನ್ನೂ ಅದೇ ಟೆಂಡರ್‌ನಲ್ಲಿ ಕೇಳಿ. ಯಂತ್ರ ಕೊಂಡಾದ ಮೇಲೆ ಕೇಳಿದರೆ ಅವರು ಹೇಳಿದ್ದೇ ದರ.

ಯಂತ್ರ ಬಂದ ದಿನವೇ ಸ್ಟಾಕ್ ರಿಜಿಸ್ಟರ್‌ಗೆ ಏರಿಸಿ. ಕೇಂದ್ರದ ಹಣವಾದರೆ ವರ್ಷದ ಕೊನೆಗೆ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕಳಿಸಿ. ತಡವಾದರೆ ಮುಂದಿನ ಕಂತು ನಿಲ್ಲುತ್ತದೆ.

ಯಂತ್ರದ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಲಾಗ್‌ಬುಕ್ ಇಡಿ. ದಿನಾಂಕ, ಸ್ಯಾಂಪಲ್, ಬಳಸಿದವರ ಹೆಸರು, ಯುವಿ ಸ್ಪೆಕ್ಟ್ರೋಮೀಟರ್ ಆದರೆ ಡ್ಯುಟೀರಿಯಂ ದೀಪ ಉರಿದ ಗಂಟೆ, ಎಲ್ಲವೂ ಅದರಲ್ಲಿರಲಿ. ನಿಮ್ಮ ಉಪಕರಣವನ್ನೂ ಐ-ಸ್ಟೆಮ್‌ಗೆ ಸೇರಿಸಿ, ಪಕ್ಕದ ತಾಲ್ಲೂಕಿನ ಎಂಎಸ್ಸಿ ಮಕ್ಕಳು ಬಂದರೆ ಬಿಟ್ಟುಕೊಡಿ. ಅವರ ಹೆಸರೂ ಆ ಪುಸ್ತಕದಲ್ಲಿರಲಿ. ಮುಂದಿನ ಅರ್ಜಿಗೆ ಅದರ ಪುಟಗಳನ್ನೇ ಲಗತ್ತಿಸಬಹುದು.