ಉಳಿ ನಡೆದ ದಿಕ್ಕು: ಜಪಾನಿ ಕತ್ತಿಯ ರುಜು ಪರೀಕ್ಷೆಯಲ್ಲಿ ನನ್ನ ಅನುಭವ

ನಮ್ಮ ಸಂಗ್ರಾಹಕರ ಬಳಗದ ಹಿರಿಯರು ಖೋಟಾ ರುಜು ಎಂದು ತಳ್ಳಿಹಾಕಿದ್ದ ವಾಕಿಜಾಶಿ ಎಂಬ ಗಿಡ್ಡ ಕತ್ತಿಯೊಂದಕ್ಕೆ ಟೋಕಿಯೋದ ನಿಹೋನ್ ಬಿಜುತ್ಸು ತೋಕೆನ್ ಹೋಜೋನ್ ಕ್ಯೋಕಾಯ್ ಎಂಬ ಕತ್ತಿ ಸಂರಕ್ಷಣಾ ಸಂಸ್ಥೆಯಿಂದ ಕಡೆಗೂ ಹೋಜೋನ್ ಪತ್ರ, ಅಂದರೆ ಅಸಲಿಯೆಂಬ ಪ್ರಮಾಣಪತ್ರ, ಬಂದಿದೆ. ಅದರ ನಕಾಗೊ, ಅಂದರೆ ಹಿಡಿಯೊಳಗೆ ಸೇರುವ ಬುಡಭಾಗದ, ಮೇಲಿರುವುದು ‘ಓಮಿ ದಾಯ್‌ಜೋ ಫುಜಿವಾರಾ ತಾದಾಹಿರೋ’ ಎಂಬ ಎಂಟಕ್ಷರದ ರುಜು; ಹಿಜೆನ್ ಪ್ರಾಂತ್ಯದ, ಅಂದರೆ ಇಂದಿನ ಸಾಗಾ ಸೀಮೆಯ, ಎರಡನೆಯ ತಲೆಮಾರಿನ ಕಮ್ಮಾರನದು. ಅನುಮಾನವಿದ್ದ ಕಾರಣಕ್ಕೇ ಅದು ನನಗೆ ಮೂರು ಲಕ್ಷ ಯೆನ್‌ಗಿಂತ ತುಸು ಹೆಚ್ಚಿಗೆ ದೊರೆತಿತ್ತು. ಪತ್ರವಿದ್ದರೆ ಅಂಗಡಿಯವರು ಸುಮಾರು ಇಮ್ಮಡಿ ಕೇಳುತ್ತಾರೆ. ಕೊಳ್ಳುವ ಮೊದಲೇ ಇದು ಅಸಲಿ ಎಂದು ನಾನು ಹೇಳಿದ್ದೆ, ಮತ್ತು ಅಕ್ಷರದ ಆಕಾರವನ್ನು ನೋಡಿ ಹೇಳಿರಲಿಲ್ಲ.

ಹಿರಿಯರ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಅಲಗಿನ ಕೊನುಕಾ-ಹಾದಾ, ಅಂದರೆ ಉಕ್ಕಿನ ಮೇಲ್ಮೈಯ ನುಣುಪು ಹೆಣಿಗೆ, ನೇರವಾಗಿ ಹಿಜೆನ್ ಎನ್ನುತ್ತಿತ್ತು, ಆದರೆ ಹಿಜೆನ್‌ನ ಸಣ್ಣಪುಟ್ಟ ಕಮ್ಮಾರರ ಅಲಗಿಗೆ ದೊಡ್ಡ ಹೆಸರು ಕೆತ್ತುವ ವಂಚನೆ ಹಳೆಯದು. ಮೇಲಾಗಿ ಕೊನೆಯ ‘ಹಿರೋ’ ಅಕ್ಷರ ಓಶಿಗಾತಾ, ಅಂದರೆ ರುಜುಗಳ ಮಸಿ ಅಚ್ಚಿನ, ಪುಸ್ತಕಗಳಲ್ಲಿರುವುದಕ್ಕಿಂತ ಕಣ್ಣಿಗೆ ಬೀಳುವಷ್ಟು ಅಗಲವಾಗಿತ್ತು. ಆದರೆ ಈ ತಾದಾಹಿರೋ 1632ರಲ್ಲಿ ತಂದೆಯ ಕುಲುಮೆಯನ್ನು ವಹಿಸಿಕೊಂಡು, 1641ರಲ್ಲಿ ಓಮಿ ದಾಯ್‌ಜೋ ಬಿರುದನ್ನು ಪಡೆದು, 1693ರಲ್ಲಿ ತೀರಿಕೊಂಡವನು. ಅರುವತ್ತು ವರ್ಷಗಳ ಆ ಅವಧಿಯಲ್ಲಿ ಅಕ್ಷರದ ಆಕಾರ ಒಂದೇ ಆಗಿ ಉಳಿಯುವುದಿಲ್ಲ. ಖೋಟಾ ಕೆತ್ತುವವನಿಗಾದರೋ ಓಶಿಗಾತಾದ ಆಕಾರವೇ ಮಾದರಿ. ಉಳಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಯಾವ ಗೆರೆ ಮೊದಲು ಬಿತ್ತು ಎಂಬುದನ್ನು ಮಸಿಯ ಅಚ್ಚು ಅವನಿಗೆ ತಿಳಿಸುವುದಿಲ್ಲ. ನಾನು ಹಿಡಿದದ್ದು ಆ ಎಳೆಯನ್ನು.

ಸುತ್ತಿಗೆಯ ಪ್ರತಿ ಏಟಿಗೂ ಉಳಿ ತುಸು ಸರಿದು, ಗೀರಿನ ತಳದಲ್ಲಿ ಸಣ್ಣ ಮೆಟ್ಟಿಲನ್ನೂ ಅಂಚಿನಲ್ಲಿ ತಾಗಾನೆ-ಮಾಕುರಾ ಎಂಬ ಏಣನ್ನೂ ಬಿಟ್ಟುಹೋಗುತ್ತದೆ. ಎರಡು ಗೀರುಗಳು ಕೂಡುವಲ್ಲಿ ಹಿಂದಿನಿಂದ ಬಂದದ್ದು ಮೊದಲಿನದರ ಏಣನ್ನು ಕಡಿದು ಲೋಹವನ್ನು ಅದರ ತೋಡಿನೊಳಕ್ಕೆ ತಳ್ಳಿರುತ್ತದೆ. ‘ದಾಯ್’ ಅಕ್ಷರದಲ್ಲಿ ಅಡ್ಡಗೆರೆಯೂ ಓರೆಗೆರೆಯೂ ಕೂಡುವ ಜಾಗ, ‘ತಾದಾ’ದ ಚೌಕವನ್ನು ಸೀಳುವ ಉದ್ದಗೆರೆ, ಇವು ಓದಲು ಸುಲಭವಾದವು. ಬರಿಗಣ್ಣಿಗೆ ಇದು ದಕ್ಕುವುದಿಲ್ಲವಾದ್ದರಿಂದ ಶಾಸನ ಮತ್ತು ನಾಣ್ಯಗಳ ಅಧ್ಯಯನದಲ್ಲಿ ಬಳಕೆಯಲ್ಲಿರುವ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್) ಎಂಬ ಛಾಯಾಗ್ರಹಣ ವಿಧಾನವನ್ನು ಹಿಡಿದೆ. ಕ್ಯಾಮೆರಾವನ್ನು ಕದಲಿಸದೆ ದೀಪವನ್ನಷ್ಟೇ ಸುತ್ತ ಸರಿಸಿ ನಲವತ್ತು ಐವತ್ತು ಚಿತ್ರ ತೆಗೆದು, ಪಕ್ಕದಲ್ಲಿಟ್ಟ ಹೊಳಪಿನ ಕಪ್ಪು ಗೋಲಿಯ ಮೇಲಿನ ಬೆಳಕಿನ ಚುಕ್ಕಿಯಿಂದ ದೀಪದ ದಿಕ್ಕನ್ನು ಲೆಕ್ಕಹಾಕಿಸಿ, ಎಲ್ಲವನ್ನೂ ಒಂದೇ ಚಿತ್ರವಾಗಿ ಕೂಡಿಸುವುದು.

ಹಣ ಕರಗಿದ್ದು ಇಲ್ಲಿ. ಮೊದಲು ಕಟ್ಟಿದ, ದೀಪಗಳನ್ನು ಕೂರಿಸಿದ ಗುಮ್ಮಟಕ್ಕೆ ಎಲ್‌ಇಡಿ, ನಿಯಂತ್ರಕ, ಅಕ್ರಿಲಿಕ್ ಅರ್ಧಗೋಳ ಸೇರಿ ಎಪ್ಪತ್ತು ಸಾವಿರ ಯೆನ್ ಆಸುಪಾಸು ಹೋಯಿತು. ಎಂಟಕ್ಷರಗಳು ಉದ್ದಕ್ಕೆ ಹರಡಿರುವುದರಿಂದ ನಡುವಿನ ಅಕ್ಷರದ ಮೇಲೆ ಬಿದ್ದ ಬೆಳಕಿನ ಕೋನ ತುದಿಯವುಗಳ ಮೇಲೆ ಬೀಳಲಿಲ್ಲ. ಅಗ್ಗದ ದೀಪಗಳ ಮಿಣುಕು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮೂಡಿತು. ನಿಯಂತ್ರಕವನ್ನು ಬದಲಿಸಿದ್ದಕ್ಕೆ ಮತ್ತೆ ಹದಿನೈದು ಸಾವಿರ, ಫಲ ಅಷ್ಟಕ್ಕಷ್ಟೆ. ಕಡೆಗೆ ಕೆಲಸಕ್ಕೆ ಬಂದದ್ದು ಕೈಯಲ್ಲಿ ಹಿಡಿದ ಒಂದು ಹಳೆಯ ಫ್ಲ್ಯಾಶ್, ದೂರ ಹೆಚ್ಚುಕಡಿಮೆಯಾಗದಂತೆ ಅಳೆಯಲು ಅದಕ್ಕೆ ಕಟ್ಟಿದ ದಾರ, ಮತ್ತು ನಲವತ್ತು ಸಾವಿರಕ್ಕೆ ಕೊಂಡ ಬಳಸಿದ ಮ್ಯಾಕ್ರೋ ಲೆನ್ಸ್. ಒಂದು ಸಲಕ್ಕೆ ಎರಡೇ ಅಕ್ಷರ ತೆಗೆಯಬೇಕು, ದೀಪವನ್ನು ಹದಿನೈದು ಇಪ್ಪತ್ತು ಡಿಗ್ರಿಗೆ ತಗ್ಗಿಸಬೇಕು. ಅದಕ್ಕಿಂತ ಮೇಲೇರಿದರೆ ಏಣು ಕಾಣದು. ಸಿಲಿಕೋನ್ ಅಚ್ಚು ತೆಗೆಯೆಂದು ಸೂಚಿಸಿದವರೂ ಇದ್ದರು. ನೂರಾರು ವರ್ಷ ಕೂತ ತುಕ್ಕನ್ನು ಕೀಳಬಲ್ಲ ಯಾವುದನ್ನೂ ನಾನು ನಕಾಗೊಗೆ ಮುಟ್ಟಿಸುವುದಿಲ್ಲ.

ಹೋಲಿಕೆಗಾಗಿ ಪತ್ರವಿರುವ ಓಮಿ ದಾಯ್‌ಜೋ ಕತ್ತಿಗಳನ್ನು ಹುಡುಕಿ, ಮಾಲೀಕರನ್ನು ಒಪ್ಪಿಸಿ ಚಿತ್ರ ತೆಗೆದೆ. ಹದಿನೈದು ಇಪ್ಪತ್ತು ಸಿಕ್ಕವು. ಕ್ಯಾಮೆರಾಕ್ಕೆ ಕಣ್ಣಿದೆ, ಕಾಣುವ ಶಕ್ತಿಯಿಲ್ಲ ಎಂದು ಬಳಗದ ಹಿರಿಯರೊಬ್ಬರು ನಕ್ಕರು. ತಮ್ಮ ಕತ್ತಿಯನ್ನು ಮಾತ್ರ ಧಾರಾಳವಾಗಿ ಕೊಟ್ಟರು. ಆಕಾರ ಎಷ್ಟೇ ಬದಲಾದರೂ ಗೆರೆಗಳ ಕ್ರಮ ಮತ್ತು ಉಳಿಯ ದಿಕ್ಕು ಹೆಚ್ಚಿನ ಕತ್ತಿಗಳಲ್ಲಿ ಒಂದೇ ಆಗಿತ್ತು, ನನ್ನ ವಾಕಿಜಾಶಿಯ ಅಗಲವಾದ ‘ಹಿರೋ’ದಲ್ಲೂ ಅದೇ. ಬೇರೆಯಾಗಿ ನಿಂತವು ಒಂದೆರಡು ಮಾತ್ರ. ಮಗ ಮುತ್ಸು ನೋ ಕಾಮಿ ತಾದಾಯೋಶಿ 1686ರಲ್ಲಿ, ತಂದೆಗಿಂತ ಮೊದಲೇ, ತೀರಿಕೊಂಡವನು. ಅವನು ತಂದೆಯ ಪರವಾಗಿ ಕೆತ್ತಿದ ದಾಯ್‌ಮೇ, ಅಂದರೆ ಬದಲಿ ರುಜು, ಇವಾಗಿರಬಹುದು ಎಂಬುದು ನನ್ನ ಊಹೆ. ಯಾವ ಗೆರೆಯಲ್ಲಿ ಉಳಿ ಲೋಕರೂಢಿಗೆ ವಿರುದ್ಧವಾಗಿ ನಡೆದಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಉಳಿ ಹಿಡಿದವರೂ ಇರುತ್ತಾರೆ.

ನಡುವೆ ಒಂದು ಪಕ್ಕದ ಪ್ರಯೋಗ ಮಾಡಿದೆ. ಮೆದು ಕಬ್ಬಿಣದ ಪಟ್ಟಿಗಳ ಮೇಲೆ ನಾನೇ ಉಳಿಯಿಂದ ಗೆರೆಗಳನ್ನು ಕೆತ್ತಿ, ಉಪ್ಪುನೀರು ಹಾಕಿ ಬಿಸಿಲಿಗಿಟ್ಟು ತುಕ್ಕು ಬರಿಸಿದೆ. ಏಣು ಎಷ್ಟು ತೀಕ್ಷ್ಣವಾಗಿ ಏಳುತ್ತದೆಂದರೆ ಬೆರಳಿಗೆ ಚುಚ್ಚುತ್ತದೆ. ಹಳೆಯ ರುಜುವಿನ ಸವೆದ ಏಣಿನ ಎದುರು ಇಟ್ಟರೆ ವ್ಯತ್ಯಾಸ ಮುಚ್ಚಿಡಲಾಗದು. ತೋಡಿನಲ್ಲಿ ಬಂದ ತುಕ್ಕು ಕಿತ್ತಳೆ ಬಣ್ಣದ ಪುಡಿ, ಹಳೆಯದರ ಕಪ್ಪು ಅದಕ್ಕೆ ಬರಲೇ ಇಲ್ಲ. ಆದರೆ ಎಡೋ ಕಾಲದ ಕೊನೆಯಲ್ಲೇ ಕೊತೆತ್ಸು, ಕಿಯೋಮಾರೋ ಎಂಬ ಹೆಸರಾಂತ ಕಮ್ಮಾರರ ಹೆಸರುಗಳನ್ನು ಕೆತ್ತಿದ ಕಾಜಿಹೇಯಂಥ ಖೋಟಾಗಾರನ ಕೆಲಸಗಳಿಗೂ ಈಗ ನೂರೈವತ್ತು ವರ್ಷ ದಾಟಿದೆ. ಅವುಗಳ ತುಕ್ಕು ಕೂಡ ಪ್ರಾಮಾಣಿಕವಾದದ್ದೇ. ಆದ್ದರಿಂದ ನಾನು ತುಕ್ಕನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡಿದ್ದೇನೆ.

ಒಸಾಕಾದ ಕಮ್ಮಾರ ತ್ಸುದಾ ಸುಕೆಹಿರೋನ ವಿಷಯದಲ್ಲಿ ಈ ವಿಧಾನ ಇನ್ನೂ ಸೋಲುತ್ತಿದೆ. 1674ರಿಂದ ಅವನು ಬಳಸಿದ ದುಂಡು ಬರಹದ ಮಾರು-ತ್ಸುದಾ ರುಜುವಿನಲ್ಲಿ ಗೆರೆಗಳು ಒಂದನ್ನೊಂದು ಕಡಿಯುವ ಜಾಗಗಳು ಕಡಿಮೆ. ಅಲ್ಲಿ ಏಟುಗಳ ನಡುವಿನ ಅಂತರವನ್ನೇ ಅಳೆಯಬೇಕಾಗುತ್ತದೆ. ಅದಕ್ಕೆ ನನ್ನ ಲೆನ್ಸ್ ಸಾಲದು. ಬೇಕಾದದ್ದಕ್ಕೆ ಅಂಗಡಿಯವನು ಲಕ್ಷ ಯೆನ್ ಹೇಳಿದ್ದಾನೆ, ಎಂಬತ್ತು ಸಾವಿರಕ್ಕೆ ಇಳಿದರೆ ತರುತ್ತೇನೆ.