ಗುಳುಮುಳುಕವನ್ನು ಅಳಿದುಹೋದ ಅದರ ದಾಯಾದಿಯೊಂದಿಗೆ ಹೋಲಿಸುವ ಬಗೆ

ಅಳಿದ ಹಕ್ಕಿಯನ್ನು ಅರಿಯಬೇಕೆನ್ನುವವರು ಮೊದಲು ಉಳಿದ ಹಕ್ಕಿಯನ್ನು ಕಣ್ಣಾರೆ ನೋಡಿರಬೇಕು. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲೋ ಧಾರವಾಡದ ಕೆಲಗೇರಿ ಕೆರೆಯಲ್ಲೋ ಬೆಳಗಿನ ಹೊತ್ತು ದುರ್ಬೀನು ಹಿಡಿದು ಕುಳಿತರೆ, ಬಾಲವೇ ಇಲ್ಲವೆನ್ನಿಸುವ ಪುಟ್ಟ ಗುಳುಮುಳುಕವು ನೀರಿನಲ್ಲಿ ಮುಳುಗಿ, ನಾವು ಕಾಯುತ್ತಿರುವ ಜಾಗವನ್ನು ಬಿಟ್ಟು ಇನ್ನೆಲ್ಲೋ ಏಳುವುದು ಕಾಣಸಿಗುತ್ತದೆ. ಮಡಗಾಸ್ಕರದ ಅಲಾವೋತ್ರ ಸರೋವರದ ಸುತ್ತಮುತ್ತ ಮಾತ್ರ ವಾಸವಾಗಿದ್ದ ಅಲಾವೋತ್ರ ಮುಳುಕವು ಇದರದೇ ಕುಲದ್ದು. ಪಕ್ಷಿತಜ್ಞ ಡೆಲಾಕೂರ್ ಅದನ್ನು 1932ರಲ್ಲಿ ವಿವರಿಸಿದರು. 2010ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಲಾಯಿತು.

ಚಿತ್ರಗಳನ್ನು ತೆರೆಯುವ ಮೊದಲೇ ಕೆರೆಯ ದಂಡೆಯಲ್ಲಿ ಟಿಪ್ಪಣಿ ಬರೆದುಕೊಳ್ಳಿರಿ. ಋತುವನ್ನು ನಮೂದಿಸುವುದು ಕಡ್ಡಾಯ, ಏಕೆಂದರೆ ಗೂಡು ಕಟ್ಟುವ ಕಾಲದಲ್ಲಿ ಗುಳುಮುಳುಕದ ಕೆನ್ನೆ ಹಾಗೂ ಕೊರಳು ಕಡುಗೆಂಪಾಗಿದ್ದು, ಕೊಕ್ಕಿನ ಬುಡದಲ್ಲಿ ಹಳದಿ ಮಚ್ಚೆ ಎದ್ದು ಕಾಣುತ್ತದೆ; ಉಳಿದ ಕಾಲದಲ್ಲಿ ಅದೇ ಹಕ್ಕಿ ಮಾಸಲು ಕಂದು. ಒಂದರ ಸಂತಾನಕಾಲದ ಗರಿಯನ್ನು ಇನ್ನೊಂದರ ಸಾಮಾನ್ಯ ಗರಿಯೊಂದಿಗೆ ಹೋಲಿಸಿದರೆ ಶ್ರಮವೆಲ್ಲ ವ್ಯರ್ಥ. ಸಂಗ್ರಹಾಲಯದ ಒಣ ಚರ್ಮಗಳಿಂದ ಕಣ್ಣಿನ ಬಣ್ಣವನ್ನು ನಿರ್ಣಯಿಸಲೂ ಹೋಗಬಾರದು. ಗಾತ್ರವಂತೂ ನೆರವಾಗದು, ಎರಡೂ ಸುಮಾರು 25 ಸೆಂಟಿಮೀಟರ್ ಉದ್ದದವು.

ನನ್ನ ಮಟ್ಟಿಗೆ ಹೋಲಿಕೆಯ ಜೀವಾಳವಿರುವುದು ರೆಕ್ಕೆಯಲ್ಲಿ. ಅಲಾವೋತ್ರದ ಹಕ್ಕಿಯ ರೆಕ್ಕೆ ಗಿಡ್ಡ. ಅದು ದೂರ ಹಾರಲಾರದೆ ತನ್ನ ಸರೋವರಕ್ಕೇ ಅಂಟಿಕೊಂಡಿತ್ತು. ನಮ್ಮ ಗುಳುಮುಳುಕವೂ ಹಗಲಿನಲ್ಲಿ ಬೆದರಿದಾಗ ಹಾರುವ ಬದಲು ನೀರಿನ ಮೇಲೆ ಓಡುವುದೇ ಹೆಚ್ಚು, ಆದ್ದರಿಂದ ಅದಕ್ಕೂ ಹಾರಲು ಬಾರದೆಂದು ಅವಸರದಲ್ಲಿ ಬರೆದುಬಿಡುವವರುಂಟು. ಕೆರೆ ಬತ್ತಿದರೆ ಅದು ರಾತ್ರಿಯಲ್ಲಿ ಹಾರಿ ಬೇರೆ ನೀರನ್ನು ಹುಡುಕಿಕೊಳ್ಳುತ್ತದೆ. ಸರೋವರಕ್ಕೆ ಹೊರಗಿನಿಂದ ತಂದುಬಿಟ್ಟ ಮಾಂಸಾಹಾರಿ ಮೀನುಗಳು ಮತ್ತು ನೈಲಾನ್ ಬಲೆಗಳು ಅಲಾವೋತ್ರದ ಹಕ್ಕಿಯನ್ನು ಮುತ್ತಿದಾಗ ಅದಕ್ಕೆ ಹೀಗೆ ಜಾಗ ಬಿಟ್ಟು ಹೋಗುವ ದಾರಿಯಿರಲಿಲ್ಲ.

ಕೊನೆಯ ವರ್ಷಗಳ ದಾಖಲೆಗಳನ್ನು ಎಚ್ಚರದಿಂದ ಬಳಸಬೇಕು. ಆ ಸರೋವರಕ್ಕೆ ಬಂದು ನೆಲೆಸಿ ಅಲಾವೋತ್ರ ಮುಳುಕದೊಂದಿಗೆ ಕೂಡಿ ಮಿಶ್ರತಳಿ ಹುಟ್ಟಿಸಿದ್ದು ಬೇರಾವ ಹಕ್ಕಿಯೂ ಅಲ್ಲ, ನಮ್ಮ ಕೆರೆಗಳಲ್ಲಿರುವ ಇದೇ ಗುಳುಮುಳುಕ ಜಾತಿ. ಹೀಗಾಗಿ 1980ರ ದಶಕದ ವರ್ಣನೆಯಲ್ಲಿ ಎರಡೂ ಜಾತಿಗಳ ಲಕ್ಷಣ ಬೆರೆತಂತೆ ಕಂಡರೆ ಆ ನಮೂನೆಯನ್ನು ಹೋಲಿಕೆಯಿಂದ ಹೊರಗಿಡುವುದೇ ಲೇಸು.

ಬೇಸಿಗೆಯಲ್ಲಿ ನಿಮ್ಮೂರಿನ ಕೆರೆ ಇಳಿಯತೊಡಗಿದಾಗ ವಾರಕ್ಕೊಮ್ಮೆ ಗುಳುಮುಳುಕಗಳನ್ನು ಎಣಿಸಿ, ಮಳೆ ಬಂದು ಕೆರೆ ತುಂಬಿದ ಮೇಲೆ ಅವು ಮತ್ತೆ ಕಾಣಿಸಿಕೊಂಡ ದಿನವನ್ನೂ ರೆಕ್ಕೆಯ ಟಿಪ್ಪಣಿಯ ಪಕ್ಕದಲ್ಲೇ ಬರೆದಿಡಿರಿ.