ಸರ್ವರ್ ಹೊಸದು, ಫೈಲ್ ಮಾತ್ರ ತೆವಳುತ್ತದೆ: ಎಲ್ಲಿಂದ ಹುಡುಕಬೇಕು?

ಮುದ್ರಣ ಕಾಶಿ ಎನಿಸಿಕೊಂಡ ಗದಗ-ಬೆಟಗೇರಿಯ ಪ್ರೆಸ್‌ಗಳಲ್ಲಿ ಈಗಿನ ಆಸ್ತಿಯೆಂದರೆ ಮೂಲೆಯ ಸರ್ವರ್‌ನಲ್ಲಿರುವ ಫೈಲುಗಳು. ವರ್ಷಗಟ್ಟಲೆಯ ಕ್ಯಾಲೆಂಡರ್, ಲಗ್ನಪತ್ರಿಕೆ, ಬಿಲ್‌ಬುಕ್ಕು ಎಲ್ಲವೂ ಒಂದೇ ಶೇರ್ ಫೋಲ್ಡರ್‌ನಲ್ಲಿ. ರವಿವಾರ ಸರ್ವರ್‌ಗೆ ಹೊಸ ಸಾಫ್ಟ್‌ವೇರ್ ಹಾಕಿಸಿದರೆ ಸೋಮವಾರ ಡಿಸೈನ್ ಕೋಣೆಯಿಂದ ಕೇಳಿಬರುವ ಮಾತು ಹೆಚ್ಚುಕಡಿಮೆ ಇದೇ: ‘ಫೈಲ್ ತಗಿಯಾಕ ಹಚ್ಚಿ ಚಾ ಕುಡುದು ಬಂದ್ರೂ ಇನ್ನೂ ತಿರುಗಾಕತ್ತೈತ್ರಿ.’

ಅದರ ಬೆನ್ನಿಗೇ ‘ಹಳೇದನ್ನ ವಾಪಸ್ ಹಾಕ್ರಿ’ ಎಂಬ ಸಲಹೆಯೂ ಬರುತ್ತದೆ. ಒಪ್ಪಬೇಡಿ. ಹಳೆಯದು ವಿಂಡೋಸ್ ಸರ್ವರ್ 2012 ಆರ್2 ಆಗಿದ್ದರೆ, ಬೇರೆ ದುಡ್ಡು ಕಟ್ಟಿದವರನ್ನು ಬಿಟ್ಟು ಉಳಿದವರಿಗೆ ಅದರ ಸುರಕ್ಷತಾ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೇ ನಿಂತಿದೆ.

ಮೊದಲು ಅಳತೆ. ಒಂದು ಜಿಬಿಯಷ್ಟು ದೊಡ್ಡ ಫೈಲ್ ಒಂದನ್ನು ಸರ್ವರ್‌ನಿಂದ ನಿಮ್ಮ ಕಂಪ್ಯೂಟರಿಗೆ ಕಾಪಿ ಮಾಡಿ, ಗಡಿಯಾರ ನೋಡಿ. ಆಮೇಲೆ ಅದನ್ನೇ ಬೇರೆ ಹೆಸರಿಟ್ಟು ವಾಪಸ್ ಕಳಿಸಿ. ಕೊನೆಗೆ ಸಾವಿರಾರು ಸಣ್ಣ ಫೈಲುಗಳಿರುವ ಫೋಲ್ಡರ್ ಒಂದನ್ನು ಎಳೆಯಿರಿ. ಮೂರೂ ಹೊತ್ತನ್ನು ಚೀಟಿಯ ಮೇಲೆ ಬರೆದಿಡಿ. ‘ಸ್ಲೋ ಆಗೈತಿ’ ಎಂಬ ದೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಈ ಮೂರು ಅಂಕಿಗಳಿಂದ ಅರ್ಧ ರೋಗ ತಿಳಿಯುತ್ತದೆ.

ಗಿಗಾಬಿಟ್ (ಸೆಕೆಂಡಿಗೆ ಸಾವಿರ ಮೆಗಾಬಿಟ್, ಅಂದರೆ 1000 ಎಂಬಿಪಿಎಸ್) ಜಾಲದಲ್ಲಿ ಒಂದು ಜಿಬಿ ಸುಮಾರು ಹತ್ತು ಸೆಕೆಂಡಿನಲ್ಲಿ ಬರಬೇಕು, ಅಂದರೆ ಸೆಕೆಂಡಿಗೆ 110 ಎಂಬಿ ಆಸುಪಾಸು. ಒಂದೂವರೆ ನಿಮಿಷ ಹಿಡಿದು ವೇಗ 11 ಎಂಬಿಗೆ ಅಂಟಿಕೊಂಡು ನಿಂತಿತೆಂದರೆ ಸಾಫ್ಟ್‌ವೇರ್ ಮುಟ್ಟಲೇಬೇಡಿ, ನಿಮ್ಮ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ. ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ‘ಲಿಂಕ್ ಸ್ಪೀಡ್’ ಎಂಬ ಸಾಲಿನಲ್ಲಿ ಇದು ಕಾಣುತ್ತದೆ. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಕಟಿಂಗ್ ಮಷಿನ್ ಹಿಂದೆ ಇಲಿ ಕಡಿದ ಒಂದು ತಂತಿ ಸಾಕು, ಜಾಲ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಸರ್ವರ್ ಅಪ್‌ಗ್ರೇಡ್ ಮಾಡುವಾಗ ಡಬ್ಬಿ ಸರಿಸಿದ್ದರೆ, ಕೇಬಲ್ ಜಗ್ಗಿದ್ದರೆ ಅನುಮಾನ ಇನ್ನೂ ಗಟ್ಟಿ. ಬೇರೆ ಕೇಬಲ್ ಹಾಕಿ ನೋಡಲು ಐದು ನಿಮಿಷ ಬೇಕಿಲ್ಲ.

ಹೊಸ ವ್ಯವಸ್ಥೆ ತನ್ನದೇ ನೆಟ್‌ವರ್ಕ್ ಡ್ರೈವರ್ (ನೆಟ್‌ವರ್ಕ್ ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹಾಕಿಕೊಂಡಿರಬಹುದು, ಕಾರ್ಡ್ ತಯಾರಕರ ಡ್ರೈವರ್ ಹಾಕಿ. ಆ ಕಾರ್ಡಿನ ಸೆಟ್ಟಿಂಗ್‌ನಲ್ಲಿ ‘ಸ್ಪೀಡ್ ಆ್ಯಂಡ್ ಡ್ಯುಪ್ಲೆಕ್ಸ್’ ಎಂಬಲ್ಲಿ ಯಾರೋ ಹಿಂದೆ ಕೈಯಾರೆ ‘100 ಫುಲ್’ ಇಟ್ಟಿದ್ದರೆ ‘ಆಟೋ’ ಮಾಡಿ. ಒಂದು ತುದಿ ಆಟೋ, ಇನ್ನೊಂದು ತುದಿ ಫುಲ್ ಇದ್ದರೆ ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಪುಟ್ಟ ಕರೆ) ಚೆನ್ನಾಗಿಯೇ ಬರುತ್ತದೆ, ದೊಡ್ಡ ಫೈಲ್ ಮಾತ್ರ ಸತ್ತೇ ಹೋಗುತ್ತದೆ.

ದೊಡ್ಡ ಫೈಲ್ ಸರಾಗ, ಸಣ್ಣವು ಮಾತ್ರ ನಿಧಾನವೇ? ಆಗ ಆಂಟಿವೈರಸ್ ನೋಡಿ. ವಿಂಡೋಸ್ ಸರ್ವರ್ 2016ರಿಂದ ಮೈಕ್ರೋಸಾಫ್ಟ್‌ನದೇ ಆಂಟಿವೈರಸ್ ಡಿಫೆಂಡರ್ ಒಳಗೇ ಇರುತ್ತದೆ. ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಸರ್ವರ್‌ನಲ್ಲಿ ಹಾಗೆ ಸರಿಯುವುದಿಲ್ಲ. ಹೀಗಾಗಿ ಒಂದೇ ಫೈಲನ್ನು ಇಬ್ಬರೂ ತಪಾಸಣೆ ಮಾಡುತ್ತ ಕೂರುತ್ತಾರೆ. ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಳ್ಳಿ. ಇಬ್ಬರನ್ನೂ ಕಳಿಸಬೇಡಿ.

ಇನ್ನು ಅಪ್‌ಗ್ರೇಡ್‌ನ ನಿಜವಾದ ಬದಲಾವಣೆಗೆ ಬರೋಣ. ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ಪ್ರೋಟೋಕಾಲ್ (ಕಂಪ್ಯೂಟರುಗಳು ಮಾತಾಡಿಕೊಳ್ಳುವ ನಿಯಮ) ಮೇಲೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಮತ್ತು ಎಂಟರ್‌ಪ್ರೈಸ್‌ನಲ್ಲಿ ಎಸ್‌ಎಂಬಿ ಸೈನಿಂಗ್ ಕಡ್ಡಾಯ. ಸರ್ವರ್ 2025ರಲ್ಲಿ ಅದು ಬೇರೆ ಕಂಪ್ಯೂಟರಿಗೆ ತಾನು ಸಂಪರ್ಕ ಮಾಡುವಾಗ ಕಡ್ಡಾಯ. ಹೋಗುವ ಬರುವ ಪ್ರತಿ ಪೊಟ್ಟಣಕ್ಕೂ ಅರಗಿನ ಮುದ್ರೆ ಒತ್ತಿದ ಹಾಗೆ ಇದು, ನಡುದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಖಾತ್ರಿ. ಹೊಸ ಪ್ರೊಸೆಸರ್‌ಗೆ ಈ ಕೆಲಸ ಭಾರವಲ್ಲ. ಹಳೆಯ ಪ್ಲೇಟ್ ಮಷಿನ್ನಿನ ಸಾಫ್ಟ್‌ವೇರ್ ಓಡಲೆಂದು ಉಳಿಸಿಕೊಂಡ ವಿಂಡೋಸ್ 7 ಡಬ್ಬಿಗೆ ಭಾರ.

ಯಾವ ಕಂಪ್ಯೂಟರ್ ಎಸ್‌ಎಂಬಿಯ ಯಾವ ಆವೃತ್ತಿಯಲ್ಲಿ ಮಾತಾಡುತ್ತಿದೆ ಎಂದು ತಿಳಿಯಲು ಹೊಸ ಕಂಪ್ಯೂಟರಿನಲ್ಲಿ ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು ‘ಗೆಟ್-ಎಸ್‌ಎಂಬಿಕನೆಕ್ಷನ್’ (Get-SmbConnection) ಕಮಾಂಡ್ ಕೊಡಿ, ಡಯಲೆಕ್ಟ್ ಕಾಲಂ ನೋಡಿ. ಎರಡೂ ಕಡೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದಿದ್ದರೆ 3.1.1 ಇರಬೇಕು. ವಿಂಡೋಸ್ 7 ಏನೇ ಮಾಡಿದರೂ 2.1 ದಾಟುವುದಿಲ್ಲ, ಈ ಕಮಾಂಡೂ ಅದರಲ್ಲಿಲ್ಲ. ವಿಂಡೋಸ್ 11 ಮತ್ತು ಸರ್ವರ್ 2022ರಿಂದ ಮುಂದಿನವು ತಮ್ಮತಮ್ಮಲ್ಲಿ ಇನ್ನೂ ವೇಗದ ಸಹಿ ವಿಧಾನ ಬಳಸುತ್ತವೆ. ಹಾಗಾಗಿ ಸೈನಿಂಗ್ ಬಂದ್ ಮಾಡುವುದಕ್ಕಿಂತ ಹಳೆಯ ಕಂಪ್ಯೂಟರ್ ಬದಲಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ, ಖರ್ಚಿನ ಮಾತು ಮಾಲೀಕರಿಗೆ ರುಚಿಸದಿದ್ದರೂ.

ವಿಂಡೋಸ್ ಬದಲು ಲಿನಕ್ಸ್ ಮೇಲೆ ಸಾಂಬಾ (ಎಸ್‌ಎಂಬಿಯಲ್ಲಿ ಫೈಲ್ ಹಂಚುವ ಸಾಫ್ಟ್‌ವೇರ್) ಓಡಿಸುವವರು ಹಳೆಯ ಕಾನ್ಫಿಗ್ ಫೈಲನ್ನು ಹಾಗೇ ಹೊತ್ತು ತಂದಿರುತ್ತಾರೆ. ಅದರಲ್ಲಿ ‘ಸಾಕೆಟ್ ಆಪ್ಷನ್ಸ್’ ಸಾಲಿನಲ್ಲಿ 8192 ಎಂಬ ಬಫರ್ ಅಂಕಿ ಕಂಡರೆ ಅಳಿಸಿ. ಒಂದು ಕಾಲದಲ್ಲಿ ವೇಗಕ್ಕೆಂದೇ ಬರೆಯುತ್ತಿದ್ದ ಆ ಸಾಲು ಇಂದಿನ ಜಾಲಕ್ಕೆ ಕಾಲ್ತೊಡಕು. ಲಾಗ್ ಲೆವೆಲ್ (ದಾಖಲೆ ಎಷ್ಟು ವಿವರವಾಗಿ ಬರೆಯಬೇಕೆಂಬ ಅಂಕಿ) 10 ಇದ್ದರೆ 1ಕ್ಕೆ ಇಳಿಸಿ.

ಓದುವುದು ಸಲೀಸು, ಬರೆಯುವುದು ಮಾತ್ರ ನಿಧಾನ ಎಂದಾದರೆ ಡಿಸ್ಕ್ ಕಡೆ ತಿರುಗಿ. ಹಲವು ಡಿಸ್ಕುಗಳನ್ನು ಒಟ್ಟಿಗೆ ನಡೆಸುವ ರೇಡ್ ಕಾರ್ಡಿನ ಬ್ಯಾಟರಿ ಸತ್ತಿದ್ದರೆ ಅದು ರೈಟ್ ಕ್ಯಾಷ್ (ಬರೆಯುವುದನ್ನು ಮೊದಲು ಹಿಡಿದಿಡುವ ವೇಗದ ಮೆಮೊರಿ) ಅನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ.

ಫೈಲ್ ತೆರೆಯಲಿಕ್ಕಷ್ಟೇ ತಡ, ಆಮೇಲೆ ಸರಾಗ ಎನ್ನುವುದು ಬೇರೆ ಕಥೆ. ಸರ್ವರ್‌ನ ಹೆಸರಿನ ಬದಲು ಐಪಿ ವಿಳಾಸ ಹಾಕಿ ಫೋಲ್ಡರ್ ತೆರೆದು ನೋಡಿ. ಆಗ ಚುರುಕಾದರೆ ತೊಂದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನದು. ಹಳೆಯ ಸರ್ವರ್ ಹೆಸರಿನ ಮ್ಯಾಪ್ ಡ್ರೈವ್, ಈಗ ಇಲ್ಲದ ಪ್ರಿಂಟರ್ ಡಿಫಾಲ್ಟ್ ಆಗಿ ಉಳಿದಿರುವುದು, ಇವೂ ಹೀಗೇ ಕಾಯಿಸುತ್ತವೆ.

ಇದರ ನಡುವೆ ಹಳೆಯ ಸ್ಕ್ಯಾನರ್ ಒಂದು ಫೋಲ್ಡರಿಗೆ ಸ್ಕ್ಯಾನ್ ಕಳಿಸುವುದನ್ನು ನಿಲ್ಲಿಸಿರುತ್ತದೆ. ರಿಪೇರಿಗೆ ಬಂದ ಹುಡುಗ ‘ಎಸ್‌ಎಂಬಿ 1 ಆನ್ ಮಾಡ್ತೀನ್ರಿ, ಆಗ್ತೈತಿ’ ಎನ್ನುತ್ತಾನೆ. ಅದು ಎಸ್‌ಎಂಬಿಯ ತೀರಾ ಹಳೆಯ ಆವೃತ್ತಿ, ಆಗುವುದೇನೋ ನಿಜ. ಆದರೆ 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಎಂಬ ವೈರಸ್ ಜಗತ್ತಿನ ಕಂಪ್ಯೂಟರುಗಳಿಗೆ ಹಬ್ಬಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ಸ್ಕ್ಯಾನ್ ಅನ್ನು ಪೆನ್‌ಡ್ರೈವ್‌ಗೋ ಇಮೇಲ್‌ಗೋ ಕಳಿಸಿ, ಆ ಬಾಗಿಲು ಮಾತ್ರ ತೆಗೆಯಬೇಡಿ.